ಅಭ್ಯಾಸದಲ್ಲಿ ಹುಲಿ, ಪಂದ್ಯದಲ್ಲಿ ಇಲಿ

ಓದುಗರ ಪ್ರಶ್ನೆ: ಆಟ ಮತ್ತು ಮನಸ್ಸು

ಈ ಬಾರಿ ಉತ್ತರಕ್ಕೆಂದು ಆರಿಸಿಕೊಂಡ ನಾಲ್ಕು ಪತ್ರಗಳೂ ಬೆಂಗಳೂರಿನವೇ. ಅವುಗಳಲ್ಲಿ ಮೂರರಲ್ಲಿ ‘ಮನಸ್ಸು ಗಟ್ಟಿ ಇಲ್ಲ’ ಎಂಬ ಮಾತು ಒಂದಲ್ಲ ಒಂದು ರೂಪದಲ್ಲಿ ಬಂದಿದೆ. ಕ್ರೀಡಾಪಟುಗಳ ಜತೆ ಕೆಲಸ ಮಾಡುವ ಮನಶ್ಶಾಸ್ತ್ರಜ್ಞೆಯಾಗಿ ನನಗೆ ಈ ಮಾತಿನ ಮೇಲೆ ಹಳೆಯ ತಕರಾರಿದೆ. ಅದು ಕಾರಣ ಹೇಳಿದಂತೆ ಕೇಳಿಸುತ್ತದೆ, ಆದರೆ ಯಾವ ಕಾರಣವನ್ನೂ ಹೇಳುವುದಿಲ್ಲ. ಜ್ವರವೆಂದು ಬಂದವರಿಗೆ ‘ನಿಮಗೆ ಮೈ ಸರಿಯಿಲ್ಲ’ ಎಂದಷ್ಟೇ ಹೇಳಿ ಕಳುಹಿಸಿದ ಹಾಗೆ.

ಪ್ರಶ್ನೆ: ನನ್ನ ಮಗಳಿಗೆ 13 ವರ್ಷ. ಏಳನೆಯ ವಯಸ್ಸಿನಿಂದ ಬ್ಯಾಡ್ಮಿಂಟನ್ ಆಡುತ್ತಿದ್ದಾಳೆ. ಅಕಾಡೆಮಿಯಲ್ಲಿ ತನಗಿಂತ ಎರಡು ವರ್ಷ ದೊಡ್ಡವರನ್ನೂ ಸೋಲಿಸುತ್ತಾಳೆ. ಪಂದ್ಯಾವಳಿಗೆ ಹೋದರೆ ಮಾತ್ರ ಮೊದಲ ಸುತ್ತಿನಲ್ಲೇ ಸೋಲು. ಸರ್ವ್ ಮಾಡಿದ ಶಟಲ್ ನೆಟ್‌ಗೇ ಬಡಿಯುತ್ತದೆ. ಮೂರು ತಿಂಗಳ ಹಿಂದೆ ಹೊಸ ಕೋಚ್ ಫೋರ್‌ಹ್ಯಾಂಡ್ ಬಿಡಿಸಿ ಬ್ಯಾಕ್‌ಹ್ಯಾಂಡ್ ಸರ್ವ್ ಕಲಿಸಿದ್ದಾರೆ, ಅದನ್ನೂ ಚೆನ್ನಾಗಿಯೇ ಕಲಿತಳು. ‘ಆಟ ಇದೆ, ಮನಸ್ಸು ಗಟ್ಟಿ ಇಲ್ಲ’ ಎನ್ನುತ್ತಾರೆ ಅವರು. ನಮ್ಮ ಯಜಮಾನರು ಪ್ರತಿ ಪಂದ್ಯವನ್ನೂ ಗ್ಯಾಲರಿಯಿಂದ ಮೊಬೈಲ್‌ನಲ್ಲಿ ಚಿತ್ರೀಕರಿಸಿ, ಮನೆಗೆ ಬರುವ ದಾರಿಯಲ್ಲಿ ಎಲ್ಲೆಲ್ಲಿ ತಪ್ಪಾಯಿತೆಂದು ಅವಳಿಗೆ ವಿವರಿಸುತ್ತಾರೆ. ಧ್ಯಾನದ ತರಗತಿಗೆ ಸೇರಿಸಿದರೆ ಸರಿಹೋಗಬಹುದೇ?
– ಒಬ್ಬ ತಾಯಿ, ರಾಜಾಜಿನಗರ

ಉತ್ತರ: ನಿಮ್ಮ ಪತ್ರದಲ್ಲಿ ನೀವು ಹೆಚ್ಚು ಮಹತ್ವ ಕೊಡದೆ ಬರೆದ ಒಂದು ವಾಕ್ಯದ ಬಳಿಯೇ ನಾನು ನಿಂತೆ: ಮೂರು ತಿಂಗಳ ಹಿಂದೆ ಸರ್ವ್ ಬದಲಾಗಿದೆ. ಆರು ವರ್ಷ ಒಂದು ಬಗೆಯಲ್ಲಿ ಪಳಗಿದ ಕೈಗೆ ಮೂರು ತಿಂಗಳು ದೊಡ್ಡ ಅವಧಿಯಲ್ಲ. ಪಂದ್ಯದಲ್ಲಿ ಕೆಡುತ್ತಿರುವುದೂ ಅದೇ ಸರ್ವ್ ಎಂಬುದನ್ನು ಗಮನಿಸಿ. ಅವಳ ಸ್ಮ್ಯಾಶ್ ಕೆಟ್ಟಿದೆಯೆಂದು ನೀವು ಎಲ್ಲಿಯೂ ಬರೆದಿಲ್ಲ.

ಚೆನ್ನಾಗಿ ಪಳಗಿದ ಹೊಡೆತ ಮತ್ತು ಇನ್ನೂ ಕಲಿಕೆಯಲ್ಲಿರುವ ಹೊಡೆತ, ಇವೆರಡೂ ಒತ್ತಡದಲ್ಲಿ ಕೆಡುವ ಬಗೆಯೇ ಬೇರೆ ಬೇರೆ. ಪಳಗಿದ ಚಲನೆಗೆ ನಮ್ಮ ಗಮನ ಬೇಕಾಗಿರುವುದಿಲ್ಲ. ಬೇಡದ ಗಮನ ಕೊಟ್ಟರೆ ಅದು ಮುಗ್ಗರಿಸುತ್ತದೆ. ನೂರಾರು ಜನರ ಎದುರು ವೇದಿಕೆ ಹತ್ತಿ ಬಹುಮಾನ ಪಡೆಯಲು ಹೋಗುವಾಗ, ಹುಟ್ಟಿದಾಗಿನಿಂದ ಜತೆಗಿರುವ ನಮ್ಮ ಕೈಗಳನ್ನೇ ಎಲ್ಲಿ ಇಟ್ಟುಕೊಳ್ಳಬೇಕೆಂದು ತಿಳಿಯದೆ ಒದ್ದಾಡುತ್ತೇವಲ್ಲ, ಅದೇ ಇದು. ಕಲಿಕೆಯಲ್ಲಿರುವ ಚಲನೆಯ ಸಂಗತಿ ಇದಕ್ಕೆ ತದ್ವಿರುದ್ಧ. ಅದಕ್ಕೆ ಗಮನ ಬೇಕೇ ಬೇಕು, ಆದರೆ ಆ ಹೊತ್ತಿನಲ್ಲಿ ಗಮನವನ್ನೆಲ್ಲ ಆತಂಕವೇ ನುಂಗಿಬಿಟ್ಟಿರುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞೆ ಸಿಯಾನ್ ಬೈಲಾಕ್ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿ ನುರಿತ ಫುಟ್‌ಬಾಲ್ ಆಟಗಾರರು ಕಂಬಗಳ ನಡುವೆ ಚೆಂಡನ್ನು ಸಾಗಿಸಬೇಕಿತ್ತು. ಬಲಗಾಲಿನಲ್ಲಿ ಆಡುವಾಗ ‘ಕಾಲಿನ ಮೇಲೆ ಗಮನವಿಡಿ’ ಎಂದರೆ ಅವರ ಆಟ ನಿಧಾನವಾಯಿತು. ಅಷ್ಟಾಗಿ ಪಳಗಿಲ್ಲದ ಎಡಗಾಲಿನಲ್ಲಿ ಆಡುವಾಗ ಅದೇ ಸೂಚನೆಯಿಂದ ಆಟ ಸುಧಾರಿಸಿತು. ನಿಮ್ಮ ಮಗಳ ಹೊಸ ಸರ್ವ್ ಇನ್ನೂ ಅವಳ ‘ಎಡಗಾಲು’. ಅಕಾಡೆಮಿಯಲ್ಲಿ ಅದಕ್ಕೆ ಕೊಡಲು ಅವಳ ಬಳಿ ಗಮನವಿದೆ. ಪಂದ್ಯದ ದಿನ ಆ ಗಮನದ ಒಂದು ಪಾಲು ಎದುರಾಳಿಗೆ, ಒಂದು ಪಾಲು ಅಂಕಕ್ಕೆ, ಬಹುಶಃ ದೊಡ್ಡ ಪಾಲೇ ಗ್ಯಾಲರಿಯಲ್ಲಿ ಮೊಬೈಲ್ ಹಿಡಿದು ನಿಂತ ಅಪ್ಪನಿಗೆ ಹೋಗುತ್ತದೆ.

ನೋಡುವವರಿದ್ದರೆ ಆಟ ಏಕೆ ಬದಲಾಗುತ್ತದೆ ಎಂಬ ಪ್ರಶ್ನೆ ಈ ಶಾಸ್ತ್ರದ ತೀರ ಹಳೆಯ ಪ್ರಶ್ನೆಗಳಲ್ಲಿ ಒಂದು. ಸೈಕಲ್ ಸವಾರರು ಒಂಟಿಯಾಗಿ ಓಡಿಸುವುದಕ್ಕಿಂತ ಇತರರ ಜತೆಯಲ್ಲಿ ವೇಗವಾಗಿ ಓಡಿಸುತ್ತಾರೆಂದು ನಾರ್ಮನ್ ಟ್ರಿಪ್ಲೆಟ್ 1898ರಲ್ಲಿಯೇ ಬರೆದಿದ್ದರು. ಹಾಗಾದರೆ ಜನರ ಎದುರು ಕೆಲವರು ಕೆಡುವುದೇಕೆ? 1965ರಲ್ಲಿ ರಾಬರ್ಟ್ ಜಾಯನ್ಸ್ ಇದಕ್ಕೊಂದು ಸರಳ ಉತ್ತರ ಕೊಟ್ಟರು: ಇತರರ ಸಮ್ಮುಖವು ನಮ್ಮಲ್ಲಿ ಅತ್ಯಂತ ಬಲವಾಗಿ ಬೇರೂರಿದ ಪ್ರತಿಕ್ರಿಯೆಯನ್ನು ಇನ್ನಷ್ಟು ಮುಂದಕ್ಕೆ ತಳ್ಳುತ್ತದೆ, ಬೇರೂರಿರುವುದು ಸರಿಯಾದದ್ದಾದರೆ ಆಟ ಮೇಲೇರುತ್ತದೆ, ಅಲ್ಲವಾದರೆ ಕೆಡುತ್ತದೆ. ಈ ಮಾತನ್ನು ಅವರು ಜಿರಲೆಗಳ ಮೇಲೂ ಪರೀಕ್ಷಿಸಿದರು! ಬೇರೆ ಜಿರಲೆಗಳು ‘ಪ್ರೇಕ್ಷಕ’ರಾಗಿದ್ದಾಗ ಜಿರಲೆಯು ನೇರ ದಾರಿಯಲ್ಲಿ ಹೆಚ್ಚು ವೇಗವಾಗಿ ಓಡಿತು, ತಿರುವಿನ ದಾರಿಯಲ್ಲಿ ನಿಧಾನವಾಯಿತು. ನಿಮ್ಮ ಮಗಳಲ್ಲಿ ಬೇರೂರಿರುವುದು ಹಳೆಯ ಫೋರ್‌ಹ್ಯಾಂಡ್ ಸರ್ವ್. ಜನರ ಎದುರು ಅದು ಒಳಗಿನಿಂದ ಎದ್ದು ಬರುತ್ತದೆ, ಹೊಸದು ಅದಕ್ಕೆ ಅಡ್ಡ ನಿಲ್ಲುತ್ತದೆ, ಶಟಲ್ ನೆಟ್‌ಗೆ ಹೋಗುತ್ತದೆ. ಇದರಲ್ಲಿ ಮನಸ್ಸಿನ ಗಟ್ಟಿತನದ ಮಾತೇ ಬರುವುದಿಲ್ಲ.

ಇನ್ನೊಂದು ಸಂಗತಿಯನ್ನೂ ಸೇರಿಸಬೇಕು. ಯರ್ಕ್ಸ್ ಮತ್ತು ಡಾಡ್ಸನ್ ಎಂಬವರು 1908ರಲ್ಲಿ ಇಲಿಗಳ ಮೇಲೆ ನಡೆಸಿದ ಪ್ರಯೋಗವನ್ನು ಎಲ್ಲ ತರಬೇತಿ ಶಿಬಿರಗಳಲ್ಲೂ ಹೇಳುತ್ತಾರೆ: ಉದ್ವೇಗ ಕಡಿಮೆಯಾದರೂ ಕಷ್ಟ, ಹೆಚ್ಚಾದರೂ ಕಷ್ಟ, ನಡುವೆ ಒಂದು ಹದವಿದೆ. ಇಲಿಯಿಂದ ನೇರವಾಗಿ ಬ್ಯಾಡ್ಮಿಂಟನ್ ಅಂಗಳಕ್ಕೆ ಜಿಗಿಯಲು ನನಗೆ ಅಳುಕಿದೆ. ಆದರೂ ಆ ಪ್ರಯೋಗದ ಉತ್ತರಾರ್ಧವನ್ನು, ಅಂದರೆ ಕೆಲಸ ಕಷ್ಟವಾದಷ್ಟೂ ಆ ಹದ ಕೆಳಗಿಳಿಯುತ್ತದೆ ಎಂಬುದನ್ನು ಯಾರೂ ಹೇಳದೆ ಬಿಡುತ್ತಾರೆಂಬುದು ನನ್ನ ಬೇಸರ. ಭಾರ ಎತ್ತುವವರಿಗೆ ಒಳ್ಳೆಯದಾಗುವ ಅಬ್ಬರ ಗುರಿಕಾರರಿಗೆ ಮುಳುವಾಗುತ್ತದೆ. ಒಂದೇ ಪಂದ್ಯದೊಳಗೆ ಸ್ಮ್ಯಾಶ್‌ಗೆ ಬೇಕಾದ ಹುರುಪು ಒಂದು, ನೆಟ್‌ಗೆ ಒರಸಿಕೊಂಡಂತೆ ಹೋಗಬೇಕಾದ ಸರ್ವ್‌ಗೆ ಬೇಕಾದ ನಿರಾಳತೆ ಇನ್ನೊಂದು. ಆದ್ದರಿಂದ ಮೊದಲು ಕೆಡುವುದು ಸೂಕ್ಷ್ಮವಾದ ಹೊಡೆತವೇ.

ಈಗ ಮಾಡಬೇಕಾದದ್ದು. ಮುಂದಿನ ಒಂದೆರಡು ಪಂದ್ಯಾವಳಿಗಳು ಹೊಸ ಸರ್ವ್ ಗಟ್ಟಿಮಾಡಿಕೊಳ್ಳುವುದಕ್ಕೇ ಮೀಸಲು, ಸೋತರೂ ಲೆಕ್ಕಕ್ಕಿಲ್ಲ ಎಂದು ಕೋಚ್ ಅವಳಿಗೆ ಬಾಯಿಬಿಟ್ಟು ಹೇಳಬೇಕು. ಮನಸ್ಸಿನಲ್ಲಿ ಅಂದುಕೊಂಡರೆ ಸಾಲದು. ಸರ್ವ್‌ಗೆ ಮೊದಲು ಪ್ರತಿ ಸಲವೂ ಒಂದೇ ಕ್ರಮವಿರಲಿ: ಶಟಲ್‌ನ ಗರಿ ಸರಿಪಡಿಸುವುದು, ಉಸಿರನ್ನು ಎಳೆದುಕೊಂಡದ್ದಕ್ಕಿಂತ ನಿಧಾನವಾಗಿ ಹೊರಗೆ ಬಿಡುವುದು, ಶಟಲ್ ಬೀಳಬೇಕಾದ ಜಾಗವನ್ನು ನೋಡುವುದು, ಹೊಡೆಯುವುದು. ಮಣಿಕಟ್ಟನ್ನಲ್ಲ, ಬೀಳುವ ಜಾಗವನ್ನು ನೋಡಬೇಕು. ಗಮನವನ್ನು ಮೈಯ ಚಲನೆಯ ಬದಲು ಅದರ ಹೊರಗಿನ ಪರಿಣಾಮದ ಮೇಲೆ ಇಟ್ಟರೆ ಕಲಿಕೆ ಚೆನ್ನಾಗಿ ನಿಲ್ಲುತ್ತದೆ ಎಂದು ಗೇಬ್ರಿಯೆಲೆ ವುಲ್ಫ್ ಅವರು 1998ರಿಂದೀಚೆಗೆ ನಡೆಸಿದ ಪ್ರಯೋಗಗಳು ತೋರಿಸಿವೆ. ಹೊಸ ಸರ್ವ್‌ಗೆ ಗಮನ ಬೇಕು ಎಂದೆನಲ್ಲ, ಆ ಗಮನವನ್ನು ಕೂರಿಸಬೇಕಾದ ಸ್ಥಳ ಇದು. ಅಭ್ಯಾಸದ ವೇಳೆಯಲ್ಲಿಯೂ ವಾರಕ್ಕೆರಡು ದಿನ ಗೇಮ್ ಮುಗಿಯಲು ಎರಡೇ ಅಂಕ ಬಾಕಿಯಿರುವ ಸಮಬಲದ ಸ್ಥಿತಿಯಿಂದ ಆಟ ಶುರುಮಾಡಿಸಿ, ಉಳಿದ ಮಕ್ಕಳನ್ನು ಸುತ್ತ ನಿಲ್ಲಿಸಲಿ. ಸ್ವಲ್ಪ ಒತ್ತಡದಲ್ಲಿ ಅಭ್ಯಾಸ ಮಾಡಿದವರು ಪಂದ್ಯದಲ್ಲಿ ಅಷ್ಟು ಬೇಗ ಕುಸಿಯುವುದಿಲ್ಲ.

‘ಟೆನ್ಷನ್ ಮಾಡ್ಕೋಬೇಡ’ ಎಂಬ ಬುದ್ಧಿಮಾತನ್ನು ಮನೆಯಲ್ಲಿ ನಿಲ್ಲಿಸಿಬಿಡಿ. ಎದೆ ಬಡಿತ, ಅಂಗೈ ಬೆವರು, ಹೊಟ್ಟೆಯೊಳಗಿನ ತಳಮಳ, ಇವು ಭಯದಲ್ಲಿಯೂ ಬರುತ್ತವೆ, ಹುರುಪಿನಲ್ಲಿಯೂ ಬರುತ್ತವೆ. ಹಾರ್ವರ್ಡ್‌ನ ಆಲಿಸನ್ ವುಡ್ ಬ್ರೂಕ್ಸ್ 2014ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಹಾಡು, ಭಾಷಣ, ಗಣಿತಗಳ ಪರೀಕ್ಷೆಗೆ ಮುಂಚೆ ‘ನಾನು ಶಾಂತವಾಗಿದ್ದೇನೆ’ ಎಂದುಕೊಂಡವರಿಗಿಂತ ‘ನನಗೆ ಹುರುಪು ಬಂದಿದೆ’ ಎಂದುಕೊಂಡವರೇ ಚೆನ್ನಾಗಿ ಮಾಡಿದರು. ಮೈ ಸಜ್ಜಾಗುತ್ತಿದೆ ಎಂದು ಮಗಳಿಗೆ ಹೇಳಬಹುದು, ಅದು ಸುಳ್ಳೂ ಅಲ್ಲ.

ಇನ್ನು ನಿಮ್ಮ ಯಜಮಾನರ ವಿಷಯ. ಅವರ ಕಾಳಜಿಯ ಬಗ್ಗೆ ನನಗೆ ಸಂಶಯವಿಲ್ಲ. ವಾರಾಂತ್ಯಗಳನ್ನೆಲ್ಲ ಒಳಾಂಗಣ ಕ್ರೀಡಾಂಗಣದ ಬೆಂಚಿನ ಮೇಲೆ ಕಳೆಯುವ ತಂದೆಯರು ಎಷ್ಟು ಮಂದಿ ಸಿಗುತ್ತಾರೆ? ಆದರೆ ಸೋತ ಅರ್ಧ ಗಂಟೆಯೊಳಗೆ, ಇಳಿದುಹೋಗಲು ಸಾಧ್ಯವಿಲ್ಲದ ಕಾರಿನೊಳಗೆ, ಸಿಗ್ನಲ್‌ನಿಂದ ಸಿಗ್ನಲ್‌ಗೆ ನಡೆಯುವ ವಿಮರ್ಶೆಯನ್ನು ಯಾವ ಮಗುವೂ ಕಲಿಕೆಯೆಂದು ಸ್ವೀಕರಿಸುವುದಿಲ್ಲ. ಮುಂದಿನ ಪಂದ್ಯದಲ್ಲಿ ಮೊದಲ ತಪ್ಪಾದ ಕೂಡಲೇ ಅವಳ ಕಿವಿಯಲ್ಲಿ ಆ ಕಾರಿನ ಮಾತು ಆರಂಭವಾಗುತ್ತದೆ. ವಿಡಿಯೊ ಕೋಚ್‌ಗೆ ಹೋಗಲಿ, ಎರಡು ದಿನ ಬಿಟ್ಟು ಕೋಚ್ ನೋಡಲಿ. ದಾರಿಯಲ್ಲಿ ಅಪ್ಪ ಕೇಳಬಹುದಾದದ್ದು ‘ಹಸಿವಾಗಿದೆಯಾ, ಎಲ್ಲಾದರೂ ಇಡ್ಲಿ ತಿನ್ನೋಣವಾ?’ ಎಂಬುದೊಂದೇ. ಅವಳೇ ಪಂದ್ಯದ ಮಾತು ಎತ್ತಿದರೆ ಅದು ಬೇರೆ.

ಧ್ಯಾನ ಒಳ್ಳೆಯದೇ, ಆದರೆ ಅದು ಸರ್ವ್ ರಿಪೇರಿ ಮಾಡುವುದಿಲ್ಲ. ಅದಕ್ಕಿಂತ ಮೊದಲು ಅವಳು ಎಷ್ಟು ಗಂಟೆ ನಿದ್ದೆ ಮಾಡುತ್ತಾಳೆಂದು ಲೆಕ್ಕ ಹಾಕಿ. 13ರಿಂದ 18 ವರ್ಷದವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕೆಂದು ನಿದ್ರಾತಜ್ಞರ ಶಿಫಾರಸು. ಬೆಳಗಿನ ಐದೂವರೆಯ ಅಭ್ಯಾಸ, ಶಾಲೆ, ಟ್ಯೂಷನ್, ಸಂಜೆಯ ಅಕಾಡೆಮಿ, ಇವುಗಳ ನಡುವೆ ನಮ್ಮ ಊರಿನ ಟ್ರಾಫಿಕ್. ಇದರಲ್ಲಿ ಮೊದಲು ಕತ್ತರಿ ಬೀಳುವುದು ನಿದ್ದೆಗೇ. ಧ್ಯಾನದ ತರಗತಿಗೆ ಇನ್ನೊಂದು ಗಂಟೆ ತೆಗೆದರೆ ಅದೂ ನಿದ್ದೆಯಿಂದಲೇ ಹೋಗುತ್ತದೆ.

ಪ್ರಶ್ನೆ: ನಾನು ಪ್ರೌಢಶಾಲೆಯೊಂದರಲ್ಲಿ ದೈಹಿಕ ಶಿಕ್ಷಕ. ಬಾಲಕಿಯರ ಖೋ ಖೋ ತಂಡ ಕಟ್ಟಿ 18 ವರ್ಷವಾಯಿತು. ಬೈದು ತಿದ್ದಿದವರೇ ನನ್ನಲ್ಲಿ ಮೇಲೆ ಬಂದಿದ್ದಾರೆ. ಹೊಗಳಿದ ಮರುದಿನವೇ ಆಟ ಇಳಿಯುವುದನ್ನು, ಬೈದ ಮರುದಿನ ಏರುವುದನ್ನು ಕಣ್ಣಾರೆ ಕಂಡಿದ್ದೇನೆ. ಈಗಿನ ಮಕ್ಕಳ ಮನಸ್ಸು ಗಟ್ಟಿ ಇಲ್ಲ, ಒಂದು ಮಾತು ಅಂದರೆ ಮಾರನೆಯ ದಿನ ಮೈದಾನಕ್ಕೇ ಬರುವುದಿಲ್ಲ. ಬೈಯದೆ ಶಿಸ್ತು ತರುವುದು ಹೇಗೆ?
– ದೈಹಿಕ ಶಿಕ್ಷಕರು, ಯಲಹಂಕ

ಉತ್ತರ: ಮೇಷ್ಟ್ರೇ, ನೀವು ಕಣ್ಣಾರೆ ಕಂಡದ್ದು ನಿಜ. ಅದರ ಕಾರಣವನ್ನು ಮಾತ್ರ ನಾನು ಬೇರೆ ಬಗೆಯಲ್ಲಿ ಹೇಳುತ್ತೇನೆ. ಇಸ್ರೇಲಿನ ವಾಯುಪಡೆಯ ತರಬೇತುದಾರರು ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನೆಮನ್ ಅವರಿಗೆ ನಿಮ್ಮ ಮಾತನ್ನೇ ಹೇಳಿದ್ದರು: ಹೊಗಳಿದರೆ ಮುಂದಿನ ಹಾರಾಟ ಕೆಡುತ್ತದೆ, ಗದರಿದರೆ ಸುಧಾರಿಸುತ್ತದೆ. ಕಾನೆಮನ್ ಅದರಲ್ಲಿ ಕಂಡದ್ದು ಸಂಖ್ಯಾಶಾಸ್ತ್ರದ ಒಂದು ಸಹಜ ನಿಯಮವನ್ನು. ಯಾರೇ ಆಗಲಿ ತಮ್ಮ ಸರಾಸರಿಗಿಂತ ಬಹಳ ಚೆನ್ನಾಗಿ ಆಡಿದ ಮರುದಿನ ಸರಾಸರಿಯ ಕಡೆಗೆ ಇಳಿಯುವ ಸಂಭವವೇ ಹೆಚ್ಚು. ಬಹಳ ಕೆಟ್ಟದಾಗಿ ಆಡಿದ ಮರುದಿನ ಅದರ ಕಡೆಗೇ ಏರುವ ಸಂಭವ ಹೆಚ್ಚು. ಹೊಗಳಿಕೆ ಸಿಗುವುದು ಏರಿದ ದಿನ, ಬೈಗುಳ ಸಿಗುವುದು ಇಳಿದ ದಿನ. ಹೀಗಾಗಿ ಸುಮ್ಮನಿದ್ದಿದ್ದರೂ ಆಗುತ್ತಿದ್ದ ಬದಲಾವಣೆಯ ಯಶಸ್ಸು ಬೈಗುಳದ ಪಾಲಾಗುತ್ತದೆ.

ಎರಡನೆಯದಾಗಿ, ಬೈಗುಳ ತಿಂದು ಮೇಲೆ ಬಂದವರು ನಿಮ್ಮ ಕಣ್ಣ ಮುಂದಿದ್ದಾರೆ, ಮೈದಾನ ಬಿಟ್ಟವರು ಇಲ್ಲ. ಆ 18 ವರ್ಷಗಳ ಹಳೆಯ ಹಾಜರಾತಿ ಪುಸ್ತಕಗಳಿದ್ದರೆ ಒಮ್ಮೆ ತೆರೆದು ನೋಡಿ. ಅಮೆರಿಕದ ರೊನಾಲ್ಡ್ ಸ್ಮಿತ್ ಮತ್ತು ಫ್ರಾಂಕ್ ಸ್ಮಾಲ್ ಅವರ ತಂಡ ಮಕ್ಕಳ ಬೇಸ್‌ಬಾಲ್ ತರಬೇತುದಾರರಲ್ಲಿ ಕೆಲವರಿಗೆ ಚಿಕ್ಕದೊಂದು ತರಬೇತಿ ಕೊಟ್ಟಿತು. ಒಳ್ಳೆಯ ಪ್ರಯತ್ನ ಕಂಡಾಗ ಅಲ್ಲಿಯೇ ಮೆಚ್ಚುವುದು, ತಪ್ಪಾದಾಗ ಮೊದಲು ಧೈರ್ಯ ಹೇಳಿ ಆಮೇಲೆ ಮುಂದೇನು ಮಾಡಬೇಕೆಂದು ತಿಳಿಸುವುದು, ಇಷ್ಟೇ ಅದರ ತಿರುಳು. 1992ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಮರುವರ್ಷ ಆ ತರಬೇತುದಾರರ ಕೈಕೆಳಗಿನ ಮಕ್ಕಳಲ್ಲಿ ಆಟ ಬಿಟ್ಟವರು ಶೇ 5ರಷ್ಟು, ಉಳಿದವರ ಕೈಕೆಳಗೆ ಶೇ 26ರಷ್ಟು. ತಂಡಗಳ ಸೋಲು ಗೆಲುವಿನಿಂದ ಈ ಅಂತರ ಹುಟ್ಟಿದ್ದಲ್ಲ.

ಶಿಸ್ತು ಬೇಡವೆಂದು ಯಾರೂ ಹೇಳುತ್ತಿಲ್ಲ. ತಡವಾಗಿ ಬಂದವರಿಗೆ ಆ ದಿನ ಆಟವಿಲ್ಲ ಎಂಬ ನಿಯಮ ಎಲ್ಲರಿಗೂ ಒಂದೇ ಆಗಿದ್ದರೆ, ಅದನ್ನು ತಂಡವೇ ಕೂತು ಒಪ್ಪಿಕೊಂಡಿದ್ದರೆ, ಹುಡುಗಿಯರು ಅದನ್ನು ಪಾಲಿಸುತ್ತಾರೆ. ತಿದ್ದುವ ಮಾತಿನಲ್ಲಿ ಮಾಡಬಾರದ್ದಕ್ಕಿಂತ ಮಾಡಬೇಕಾದದ್ದು ಇರಲಿ. ಖೋ ಬೀಳುವ ಮೊದಲೇ ಏಳುವ ಹುಡುಗಿಗೆ ‘ಏಳಬೇಡ ಅಂತ ಎಷ್ಟು ಸಲ ಹೇಳಬೇಕು!’ ಎಂದರೆ ಅವಳ ತಲೆಯಲ್ಲಿ ಉಳಿಯುವುದು ಏಳುವುದೇ. ‘ಬೆನ್ನಿಗೆ ಕೈ ತಾಗುವವರೆಗೆ ಕಾಯಿ, ತಾಗಿದ ಕೂಡಲೇ ಚಿಮ್ಮು’ ಎಂದರೆ ಮಾಡಲು ಒಂದು ಕೆಲಸ ಸಿಕ್ಕಿತು. ಇನ್ನು ಈಗಿನ ಮಕ್ಕಳ ಮನಸ್ಸು. ನಮ್ಮ ಮೇಷ್ಟ್ರೂ ನಮ್ಮ ಬಗ್ಗೆ ಅದನ್ನೇ ಹೇಳುತ್ತಿದ್ದರು.

ಪ್ರಶ್ನೆ: ನನಗೆ 20 ವರ್ಷ, ಕಾಲೇಜು ತಂಡದಲ್ಲಿ ಫುಟ್‌ಬಾಲ್ ಆಡುತ್ತಿದ್ದೆ. ಮಂಡಿಯ ಲಿಗಮೆಂಟ್ ಹರಿದು ಶಸ್ತ್ರಚಿಕಿತ್ಸೆಯಾಗಿ ಹತ್ತು ತಿಂಗಳಾಯಿತು. ಇನ್ನು ಆಡಬಹುದೆಂದು ವೈದ್ಯರೂ ಫಿಸಿಯೊಥೆರಪಿಸ್ಟರೂ ಹೇಳಿದ್ದಾರೆ. ಮೈದಾನಕ್ಕಿಳಿದರೆ ಟ್ಯಾಕಲ್‌ಗೆ ಕಾಲು ಮುಂದೆ ಹೋಗುವುದೇ ಇಲ್ಲ. ಒಂದು ತಿಂಗಳಿನಿಂದ ಸರಿಯಾಗಿ ನಿದ್ದೆಯಿಲ್ಲ, ಗೆಳೆಯರ ಫೋನ್ ಎತ್ತುತ್ತಿಲ್ಲ. ಫುಟ್‌ಬಾಲ್ ಇಲ್ಲದಿದ್ದರೆ ನಾನು ಯಾರೆಂದೇ ತಿಳಿಯುತ್ತಿಲ್ಲ. ನನ್ನ ಮನಸ್ಸೇ ದುರ್ಬಲವೇ?
– ಆಸ್ಟಿನ್ ಟೌನ್

ಉತ್ತರ: ಅಲ್ಲ. ಮಂಡಿ ಒಂದು ವೇಗದಲ್ಲಿ ವಾಸಿಯಾಗುತ್ತದೆ, ಮಂಡಿಯ ಮೇಲಿನ ನಂಬಿಕೆ ಇನ್ನೊಂದು ವೇಗದಲ್ಲಿ. ಇದು ಎಷ್ಟು ಸಾಮಾನ್ಯವೆಂದರೆ, ಇಂಥ ಶಸ್ತ್ರಚಿಕಿತ್ಸೆಯಾದ ಆಟಗಾರರು ಮಾನಸಿಕವಾಗಿ ಮರಳಲು ಸಿದ್ಧರಾಗಿದ್ದಾರೆಯೇ ಎಂದು ಅಳೆಯುವುದಕ್ಕೆಂದೇ 2008ರಲ್ಲಿ ಒಂದು ಪ್ರಶ್ನಾವಳಿ ಪ್ರಕಟವಾಗಿದೆ. ಮತ್ತೆ ಪೆಟ್ಟಾದೀತೆಂಬ ಭಯ ಆಟಕ್ಕೆ ಮರಳದಿರುವುದರ ದೊಡ್ಡ ಕಾರಣಗಳಲ್ಲಿ ಒಂದು. ಆ ಭಯವನ್ನು ಹತ್ತಿಕ್ಕಿ ಅರೆಮನಸ್ಸಿನಲ್ಲಿ ಟ್ಯಾಕಲ್‌ಗೆ ನುಗ್ಗುವುದು ಒಳ್ಳೆಯದಲ್ಲ. ಒತ್ತಡದಲ್ಲಿ ಸ್ನಾಯುಗಳು ಬಿಗಿಯುತ್ತವೆ, ನೋಟದ ಹರವು ಕಿರಿದಾಗುತ್ತದೆ, ಪಕ್ಕದಿಂದ ಬರುವ ಆಟಗಾರ ಕಾಣುವುದಿಲ್ಲ. ಆತಂಕವೇ ಹೊಸ ಪೆಟ್ಟಿಗೆ ದಾರಿಯಾಗುತ್ತದೆ ಎಂದು ಆಂಡರ್ಸನ್ ಮತ್ತು ವಿಲಿಯಮ್ಸ್ 1988ರಲ್ಲಿಯೇ ವಿವರಿಸಿದ್ದಾರೆ. ನಿಮ್ಮ ಫಿಸಿಯೊಥೆರಪಿಸ್ಟರ ಜತೆ ಕುಳಿತು ಮೆಟ್ಟಿಲುಗಳನ್ನು ಬರೆದುಕೊಳ್ಳಿ. ಮೊದಲು ನಿಂತ ಚೆಂಡಿಗೆ ಟ್ಯಾಕಲ್, ಆಮೇಲೆ ನಂಬಿಕಸ್ಥ ಗೆಳೆಯನೊಬ್ಬನ ಎದುರು ಅರ್ಧ ವೇಗದಲ್ಲಿ, ಆಮೇಲೆ ಪೂರ್ಣ ವೇಗದಲ್ಲಿ, ಪಂದ್ಯ ಕೊನೆಗೆ. ಒಂದು ಮೆಟ್ಟಿಲಿನಲ್ಲಿ ಭಯ ಅರ್ಧಕ್ಕಿಳಿದ ಮೇಲೆ ಮುಂದಿನದು.

ನೋವನ್ನು ನುಂಗಿ ಆಡಿದವರ ಕಥೆಗಳನ್ನು ನಿಮಗೆ ಯಾರಾದರೂ ಹೇಳಿಯೇ ಇರುತ್ತಾರೆ. ನಮ್ಮ ಊರಿನವರೇ ಆದ ಅನಿಲ್ ಕುಂಬ್ಳೆ 2002ರಲ್ಲಿ ಆಂಟಿಗಾದಲ್ಲಿ ಮುರಿದ ದವಡೆಗೆ ಪಟ್ಟಿ ಕಟ್ಟಿಕೊಂಡು 14 ಓವರ್ ಎಸೆದು ಲಾರಾ ವಿಕೆಟ್ ಪಡೆದದ್ದು ನನಗೂ ರೋಮಾಂಚನ ತರುವ ಪ್ರಸಂಗವೇ. ಆದರೆ ಅದರ ಮರುದಿನ ಅವರು ಶಸ್ತ್ರಚಿಕಿತ್ಸೆಗೆಂದು ಬೆಂಗಳೂರಿನ ವಿಮಾನ ಹತ್ತಿದರು ಎಂಬ ಭಾಗವನ್ನು ಹೇಳುವವರು ಕಡಿಮೆ.

‘ನಾನು ಯಾರು’ ಎಂಬ ನಿಮ್ಮ ಪ್ರಶ್ನೆ ಮಂಡಿಗಿಂತ ದೊಡ್ಡದು. ಬಾಲ್ಯದಿಂದ ಒಂದೇ ಆಟಕ್ಕೆ ತಮ್ಮನ್ನು ಕೊಟ್ಟುಕೊಂಡವರಲ್ಲಿ ಆಟವೇ ಗುರುತಾಗಿಬಿಡುತ್ತದೆ. ಪೆಟ್ಟು, ತಂಡದಿಂದ ಹೊರಬೀಳುವುದು, ನಿವೃತ್ತಿ, ಯಾವುದರಿಂದ ಆಟ ನಿಂತರೂ ಗುರುತು ಕುಸಿಯುತ್ತದೆ. ಗೆದ್ದವರನ್ನೂ ಅದು ಬಿಡುವುದಿಲ್ಲ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಅಭಿನವ್ ಬಿಂದ್ರಾ, ಬದುಕಿನ ಏಕೈಕ ಗುರಿ ಕೈಗೂಡಿದ ಮೇಲೆ ತಮ್ಮನ್ನು ಕವಿದ ಶೂನ್ಯದ ಬಗ್ಗೆ ಬಹಿರಂಗವಾಗಿ ಮಾತನಾಡಿದ್ದಾರೆ. ಕರ್ನಾಟಕದ ರಾಬಿನ್ ಉತ್ತಪ್ಪ ತಾವು ಖಿನ್ನತೆಯಲ್ಲಿ ಕಳೆದ ವರ್ಷಗಳನ್ನು ಮುಚ್ಚಿಡದೆ ಹೇಳಿಕೊಂಡಿದ್ದಾರೆ. ಇವರನ್ನು ದುರ್ಬಲರೆನ್ನಲು ಸಾಧ್ಯವೇ?

ನೀವು ಬರೆದಿರುವ ಒಂದು ತಿಂಗಳ ನಿದ್ದೆಗೇಡು ಮತ್ತು ಗೆಳೆಯರಿಂದ ದೂರವಾಗಿರುವುದನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಇಂಥ ಲಕ್ಷಣಗಳು ಎರಡು ವಾರ ಮೀರಿದರೆ ಪತ್ರಿಕೆಯ ಅಂಕಣದ ಉತ್ತರ ಸಾಲದು, ಎದುರು ಕುಳಿತು ಮಾತನಾಡುವವರು ಬೇಕು. ಹೊಸೂರು ರಸ್ತೆಯ ನಿಮ್ಹಾನ್ಸ್ ನಿಮ್ಮ ಮನೆಯಿಂದ ದೂರವಿಲ್ಲ. ಅಲ್ಲಿಯವರೆಗೆ ಹೋಗಲು ಈಗಲೇ ಮನಸ್ಸಾಗದಿದ್ದರೆ, 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಬದುಕುವುದೇ ಬೇಡ ಎಂಬ ಯೋಚನೆ ಒಮ್ಮೆಯಾದರೂ ಸುಳಿದಿದ್ದರೆ ಇಂದೇ ಕರೆ ಮಾಡಿ, ಮನೆಯವರಲ್ಲಿ ಒಬ್ಬರಿಗೆ ತಿಳಿಸಿ. ಹಾಗೆಯೇ ಸಂಜೆ ಒಮ್ಮೆ ಮೈದಾನಕ್ಕೆ ಹೋಗಿ. ಬೂಟು ಬೇಡ, ಆಡುವುದೂ ಬೇಡ. ಚಿಕ್ಕ ಹುಡುಗರ ಪಂದ್ಯಕ್ಕೆ ಸೀಟಿ ಊದುವುದಕ್ಕೆ ಅಲ್ಲಿ ಯಾವಾಗಲೂ ಜನ ಕಡಿಮೆ.

ಪ್ರಶ್ನೆ: ಪ್ರತಿ ಓಟಕ್ಕೂ ನಾನು ಒಂದೇ ಜತೆ ನೀಲಿ ಸಾಕ್ಸ್ ಹಾಕಿಕೊಳ್ಳುತ್ತೇನೆ. ಅದಿಲ್ಲದಿದ್ದರೆ ಓಟ ಕೆಡುತ್ತದೆ ಅನ್ನಿಸುತ್ತದೆ. ಇದು ಮೂಢನಂಬಿಕೆಯೇ? ಬಿಡಬೇಕೇ?
– ಬಸವನಗುಡಿ

ಉತ್ತರ: ರಫೆಲ್ ನಡಾಲ್ ನೀರಿನ ಬಾಟಲಿಗಳನ್ನು ಸಾಲಾಗಿ, ಲೇಬಲ್ ಅಂಗಳದ ಕಡೆಗೆ ತಿರುಗುವಂತೆ ಜೋಡಿಸಿಡುತ್ತಿದ್ದುದನ್ನು ನೀವೂ ನೋಡಿರಬಹುದು. ಒಂದೇ ಕ್ರಮದಲ್ಲಿ ಸಿದ್ಧವಾಗುವುದರಿಂದ ಗಮನ ನೆಲೆ ನಿಲ್ಲುತ್ತದೆ, ಅದರಲ್ಲಿ ತಪ್ಪಿಲ್ಲ. ನಾನು ಕೇಳುವ ಪ್ರಶ್ನೆ ಒಂದೇ: ಸಾಕ್ಸ್ ನಿಮ್ಮ ಮಾತು ಕೇಳುತ್ತದೆಯೋ, ನೀವು ಸಾಕ್ಸ್‌ನ ಮಾತು ಕೇಳುತ್ತೀರೋ? ಉಸಿರು, ಮೈ ಸಡಿಲಿಸುವ ಕ್ರಮ, ಮೊದಲ ಕಿಲೋಮೀಟರಿನ ವೇಗ ಇವೆಲ್ಲ ಎಲ್ಲಿಗೆ ಹೋದರೂ ನಿಮ್ಮ ಜತೆಗೇ ಬರುತ್ತವೆ, ಸಾಕ್ಸ್ ಒಗೆಯುವ ಬಟ್ಟೆಯಲ್ಲಿ ಕಳೆದುಹೋಗಬಹುದು. ಮುಂದಿನ ಭಾನುವಾರ ಕಬ್ಬನ್ ಪಾರ್ಕ್‌ನಲ್ಲಿ ಬೇರೆ ಬಣ್ಣದ್ದನ್ನು ಹಾಕಿಕೊಂಡು ಐದು ಕಿಲೋಮೀಟರ್ ಓಡಿ, ಸಮಯ ಬರೆದಿಡಿ. ಅದರ ಮುಂದಿನ ಭಾನುವಾರ ನೀಲಿಯದನ್ನು ಹಾಕಿಕೊಂಡು ಓಡಿ, ಅದನ್ನೂ ಬರೆದಿಡಿ. ನಾಲ್ಕು ಭಾನುವಾರಗಳ ಲೆಕ್ಕವನ್ನು ನಮಗೂ ಕಳುಹಿಸಿ.